ನೈನಿತಾಲ್‌ಗೆ ಹೊರಡುವ ಮುನ್ನ

ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿ ಮುಗಿಯುತ್ತಿದ್ದಂತೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬೇಸಿಗೆ ರಜೆಯ ಮಾತು ಶುರುವಾಗುತ್ತದೆ. ಈ ಸಲ ಎಲ್ಲಿಗೆ? ಊಟಿ ನೋಡಿದ್ದಾಯಿತು, ಕೊಡೈಕೆನಾಲ್ ಮುಗಿಯಿತು, ಮಡಿಕೇರಿಯಂತೂ ಮನೆಯಂಗಳವಿದ್ದಂತೆ. ಮಕ್ಕಳಿಗೆ ಹಿಮಾಲಯ ಕಾಣಬೇಕು, ಅಜ್ಜ ಅಜ್ಜಿಗೆ ಒಂದು ದೇವಸ್ಥಾನ ಇರಬೇಕು, ಅಮ್ಮನಿಗೆ ನಾಲ್ಕು ದಿನ ಒಲೆಯ ಮುಂದೆ ನಿಲ್ಲದ ನೆಮ್ಮದಿ ಬೇಕು, ಅಪ್ಪನಿಗೆ ಖರ್ಚು ಕೈಮೀರಬಾರದು. ಇಷ್ಟನ್ನೂ ಒಂದೇ ಕಡೆ ಕೂಡಿಸಿಕೊಡುವ ಊರು ಯಾವುದೆಂದು ಹುಡುಕುತ್ತ ಹೋದಾಗ ಭೂಪಟದ ಮೇಲೆ ಬೆರಳು ನಿಲ್ಲುವುದು ಉತ್ತರಾಖಂಡದ ಕುಮಾಯೂನ್ ಬೆಟ್ಟಗಳಲ್ಲಿರುವ ನೈನಿತಾಲ್ ಮೇಲೆ.

ಎಲ್ಲಿಗೆ ಎಂಬುದು ತೀರ್ಮಾನವಾಯಿತು. ಯಾವಾಗ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಚರ್ಚಿಸುವುದಿಲ್ಲ. ಪರೀಕ್ಷೆ ಮುಗಿಯುವುದು ಏಪ್ರಿಲ್‌ನಲ್ಲಿ, ಆದ್ದರಿಂದ ಪ್ರವಾಸ ಮೇ ತಿಂಗಳಲ್ಲಿ ಎಂಬುದು ಮೊದಲೇ ನಿಶ್ಚಯ. ದೆಹಲಿ, ಲಖನೌ, ಬರೇಲಿಯ ಕುಟುಂಬಗಳೂ ಇದನ್ನೇ ನಿಶ್ಚಯಿಸಿರುತ್ತವೆ. ಆದರೆ ನೈನಿತಾಲ್ ಮಟ್ಟಿಗೆ ಹೇಳುವುದಾದರೆ, ಹೇಗೆ ಹೋಗುವುದು, ಎಲ್ಲಿ ಉಳಿಯುವುದು ಎಂಬ ಪ್ರಶ್ನೆಗಳಿಗಿಂತ ಯಾವಾಗ ಎಂಬ ಪ್ರಶ್ನೆಯೇ ದೊಡ್ಡದು. ಅದೇಕೆಂದು ತಿಳಿಯಬೇಕಾದರೆ ಆ ಊರಿನ ನಡುವೆ ಇರುವ ಕೆರೆಯನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು.

ಕೆರೆಯೇ ಊರು

ಊಟಿಯ ಕೆರೆ 1820ರ ದಶಕದಲ್ಲಿ ಜಾನ್ ಸಲ್ಲಿವನ್ ಕಟ್ಟಿಸಿದ್ದು. ಕೊಡೈಕೆನಾಲ್ ಕೆರೆ 1863ರಲ್ಲಿ ಏರಿ ಹಾಕಿ ನಿಲ್ಲಿಸಿದ್ದು. ನೈನಿತಾಲ್ ಸರೋವರ ಹಾಗಲ್ಲ, ಪ್ರಕೃತಿಯೇ ಮಾಡಿಟ್ಟದ್ದು. ಭೂಮಿಯ ಒಳಗಿನ ಒತ್ತಡದಿಂದ ಬಂಡೆಗಳು ಸೀಳಿ ಸರಿದ ಒಂದು ಸ್ತರಭಂಗ ಈ ಕಣಿವೆಯ ಉದ್ದಕ್ಕೂ, ಕೆರೆಯ ಅಡಿಯಲ್ಲೇ ಹಾದುಹೋಗಿದೆ. ಆ ಚಲನೆಯಿಂದ ಉಂಟಾದ ತಗ್ಗಿನಲ್ಲಿ ನೀರು ನಿಂತು ಸರೋವರವಾಯಿತು. ಸಮುದ್ರಮಟ್ಟದಿಂದ ಸುಮಾರು 1,938 ಮೀಟರ್ ಎತ್ತರದಲ್ಲಿರುವ ಇದರ ಉದ್ದ ಸುಮಾರು 1.4 ಕಿಲೋಮೀಟರ್, ಅತಿ ಹೆಚ್ಚಿನ ಅಗಲ ಅರ್ಧ ಕಿಲೋಮೀಟರ್‌ಗೂ ಕಡಿಮೆ, ಅತಿ ಹೆಚ್ಚಿನ ಆಳ ಸುಮಾರು 27 ಮೀಟರ್. ವಿಸ್ತೀರ್ಣ ಸುಮಾರು 48 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 120 ಎಕರೆ. ಬಯಲುಸೀಮೆಯ ಒಂದು ಸಾಧಾರಣ ಊರಿನ ಕೆರೆ ಇದಕ್ಕಿಂತ ದೊಡ್ಡದಿರುತ್ತದೆ. ಬೆಟ್ಟದ ಮೇಲಿನಿಂದ ನೋಡಿದರೆ ಮಾವಿನಕಾಯಿಯ ಆಕಾರ.

ಕೆರೆಯ ಬಡಗಣ ತುದಿಗೆ ಮಲ್ಲಿತಾಲ್, ತೆಂಕಣ ತುದಿಗೆ ತಲ್ಲಿತಾಲ್. ಕುಮಾಯೂನಿ ಭಾಷೆಯಲ್ಲಿ ಮಲ್ಲಿ ಎಂದರೆ ಮೇಲಿನದು, ತಲ್ಲಿ ಎಂದರೆ ಕೆಳಗಿನದು. ಎರಡನ್ನೂ ಕೂಡಿಸುವುದು ಕೆರೆಯ ಮಗ್ಗುಲಲ್ಲೇ ಸಾಗುವ ಮಾಲ್ ರಸ್ತೆ. ಉಳಿದ ಊರೆಲ್ಲ ಮೂರು ಕಡೆಯ ಬೆಟ್ಟಗಳ ಇಳಿಜಾರಿಗೆ ಅಂಟಿಕೊಂಡಿದೆ. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 41,377. ಇಷ್ಟು ಪುಟ್ಟ ಊರೇ ಜಿಲ್ಲಾ ಕೇಂದ್ರವೂ ಹೌದು; 2000ದಲ್ಲಿ ಹೊಸ ರಾಜ್ಯ ರಚನೆಯಾದಾಗ ಹೈಕೋರ್ಟ್ ಬಂದು ಕುಳಿತದ್ದೂ ಇಲ್ಲಿಯೇ.

ಹೆಸರಿನ ಹಿಂದೆ ಪುರಾಣವಿದೆ. ದಕ್ಷಯಜ್ಞದಲ್ಲಿ ದೇಹತ್ಯಾಗ ಮಾಡಿದ ಸತಿಯನ್ನು ಹೊತ್ತು ಶಿವ ಅಲೆದಾಗ ಆಕೆಯ ನಯನ ಬಿದ್ದ ಜಾಗ ಇದು, ಆದ್ದರಿಂದ ನೈನಿತಾಲ್ ಎಂಬುದು ಭಕ್ತರ ನಂಬಿಕೆ. ಮಲ್ಲಿತಾಲ್ ದಡದಲ್ಲಿ ನಯನಾದೇವಿಯ ಗುಡಿಯಿದೆ. ಅತ್ರಿ, ಪುಲಸ್ತ್ಯ, ಪುಲಹ ಎಂಬ ಮೂವರು ಋಷಿಗಳು ಬಾಯಾರಿ ಬಂದು, ಇಲ್ಲಿ ನೀರು ಸಿಗದೆ, ಹಳ್ಳ ತೋಡಿ ಮಾನಸ ಸರೋವರದ ನೀರು ತುಂಬಿಸಿದರೆಂಬ ಇನ್ನೊಂದು ಕಥೆಯೂ ಉಂಟು. ತ್ರಿಋಷಿ ಸರೋವರವೆಂಬ ಹೆಸರು ಬಂದದ್ದು ಹಾಗೆ. ನೀರಿಲ್ಲದ ಜಾಗಕ್ಕೆ ನೀರು ಬಂದ ಕಥೆಯಿಂದಲೇ ಈ ಕೆರೆಯ ಪುರಾಣ ಆರಂಭವಾಗುವುದು ಗಮನಿಸಬೇಕಾದ ಸಂಗತಿ.

ಸಕ್ಕರೆ ವ್ಯಾಪಾರಿಯ ದೋಣಿ

ಹೊರಜಗತ್ತಿಗೆ ಈ ತಾಣವನ್ನು ಸಾರಿ ಹೇಳಿದವನು ಶಾಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಪಿ. ಬ್ಯಾರನ್. 1841ರಲ್ಲಿ ಇಲ್ಲಿಗೆ ಬಂದ ಆತ ಕೆರೆಯ ಚೆಲುವಿಗೆ ಮಾರುಹೋಗಿ ‘ಪಿಲ್ಗ್ರಿಮ್’ ಎಂಬ ಹೆಸರಿನಲ್ಲಿ ಬರೆದ, ಪಿಲ್ಗ್ರಿಮ್ ಲಾಡ್ಜ್ ಎಂಬ ಮನೆಯನ್ನೂ ಕಟ್ಟಿಸಿದ. ಆ ವೇಳೆಗೆ ಈ ಜಾಗ ನರಸಿಂಗ್ ಎಂಬ ಸ್ಥಳೀಯ ಭೂಮಾಲೀಕನದಾಗಿತ್ತಂತೆ. ಬ್ಯಾರನ್ ಆತನನ್ನು ದೋಣಿಯಲ್ಲಿ ಕೂರಿಸಿ ಕೆರೆಯ ನಡುವಿಗೆ ಕರೆದೊಯ್ದು, ಭೂಮಿಯ ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕದಿದ್ದರೆ ನೀರಿಗೆ ನೂಕುವೆನೆಂದು ಬೆದರಿಸಿ ಬರೆಸಿಕೊಂಡನೆಂಬ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ.

ಅಲ್ಲಿಂದ ಮುಂದೆ ಊರು ಬೆಳೆದದ್ದು ಬಹಳ ಬೇಗ. ಸೇಂಟ್ ಜಾನ್ ಇನ್ ದ ವೈಲ್ಡರ್‌ನೆಸ್ ಎಂಬ ಚರ್ಚು 1840ರ ದಶಕದಲ್ಲಿಯೇ ಎದ್ದಿತು. ವಾಯವ್ಯ ಪ್ರಾಂತ್ಯದ ಸರಕಾರ ಬೇಸಿಗೆಗೆ ಇಲ್ಲಿಗೆ ವಾಸ್ತವ್ಯ ಬದಲಿಸತೊಡಗಿತು. ಹೋಟೆಲು, ಸಭಾಭವನ, ಶಾಲೆಗಳು ಬಂದವು. ಎಲ್ಲವೂ ನಿಂತದ್ದು ಕೆರೆಯನ್ನು ಸುತ್ತುವರಿದ ಸುಣ್ಣಕಲ್ಲು ಮತ್ತು ಪದರಗಲ್ಲಿನ ಇಳಿಜಾರುಗಳ ಮೇಲೆ. ಪದರಗಲ್ಲಿನ ಸ್ವಭಾವ ಬಲ್ಲವರಿಗೆ ಅದರ ಅಪಾಯವೂ ಗೊತ್ತು. ಪದರಗಳ ನಡುವೆ ನೀರು ಇಳಿದರೆ ಮೇಲಿನ ಪದರ ಕೆಳಗಿನದರ ಮೇಲೆ ಜಾರತೊಡಗುತ್ತದೆ.

1880ರ ಆ ಶನಿವಾರ

1880ರ ಸೆಪ್ಟೆಂಬರ್ ಮಧ್ಯದಲ್ಲಿ ಎರಡು ದಿನ ಎಡೆಬಿಡದೆ ಮಳೆ ಸುರಿಯಿತು. 18ರ ಶನಿವಾರ ಬೆಳಿಗ್ಗೆ ಶೇರ್ ಕಾ ದಂಡಾ ಬೆಟ್ಟದ ಒಂದು ಭಾಗ ಕುಸಿದು ವಿಕ್ಟೋರಿಯಾ ಹೋಟೆಲಿನ ಹಿಂಭಾಗದ ಮೇಲೆ ಬಿತ್ತು. ಸಿಕ್ಕಿಬಿದ್ದವರನ್ನು ಬಿಡಿಸಲು ಅಧಿಕಾರಿಗಳು, ಸಿಪಾಯಿಗಳು, ಕೂಲಿಯಾಳುಗಳು ಗುದ್ದಲಿ ಹಿಡಿದು ಓಡಿದರು. ಅವರು ಮಣ್ಣು ಎತ್ತುತ್ತಿದ್ದಾಗಲೇ ಮಧ್ಯಾಹ್ನದ ಹೊತ್ತಿಗೆ ಇಡೀ ಇಳಿಜಾರು ಕಳಚಿ ಬಂತು. ಕೆಲವೇ ಕ್ಷಣಗಳಲ್ಲಿ ಹೋಟೆಲು, ಅದರ ಕೆಳಗಿನ ಅಂಗಡಿ, ದಡದ ದೇವಸ್ಥಾನ, ಸಭಾಭವನ ಎಲ್ಲವೂ ಮಣ್ಣುಪಾಲಾಗಿ, ಮಣ್ಣು ಕೆರೆಯ ತನಕ ಹರಿಯಿತು. ಸತ್ತವರು 151 ಮಂದಿ. ಬದುಕಿಸಲೆಂದು ಹೋದವರು ಅವರಲ್ಲಿ ಅನೇಕರಿದ್ದರು. ಚರ್ಚಿನೊಳಗೆ ಹಿತ್ತಾಳೆಯ ಫಲಕದ ಮೇಲೆ ಅಂದು ಸತ್ತ ಐರೋಪ್ಯರ ಹೆಸರುಗಳಿವೆ. ಸತ್ತವರಲ್ಲಿ ಹೆಚ್ಚಿನವರು ಭಾರತೀಯರು. ಅವರ ಹೆಸರುಗಳು ಆ ಫಲಕದಲ್ಲಿಲ್ಲ.

ಇಂದು ಮಕ್ಕಳು ಕ್ರಿಕೆಟ್, ಹಾಕಿ ಆಡುವ, ಸಂಜೆ ಜನ ಚಾಟ್ ತಿನ್ನುತ್ತ ಅಡ್ಡಾಡುವ ಮಲ್ಲಿತಾಲ್‌ನ ‘ಫ್ಲ್ಯಾಟ್ಸ್’ ಮೈದಾನ ಈಗಿನಷ್ಟು ಅಗಲವಾದದ್ದು ಆ ಕುಸಿತದ ಮಣ್ಣಿನಿಂದಲೇ. ನಯನಾದೇವಿಯ ಗುಡಿಯನ್ನು ಮತ್ತೆ ಕಟ್ಟಿದ್ದು 1883ರಲ್ಲಿ.

ಈ ದುರಂತದಿಂದ ಬ್ರಿಟಿಷ್ ಇಂಜಿನಿಯರುಗಳು ಒಂದು ಪಾಠ ಕಲಿತರು. ಬೆಟ್ಟ ಬೀಳದಂತೆ ಮಾಡಬೇಕಾದರೆ ಮಳೆಯ ನೀರು ಅದರೊಳಗೆ ಇಂಗುವ ಮೊದಲೇ ಅದನ್ನು ಕೆಳಗಿಳಿಸಬೇಕು. ಹೀಗೆಂದು ಬೆಟ್ಟಗಳ ಮೈಮೇಲೆ ಕಲ್ಲುಕಟ್ಟಡದ ನಾಲೆಗಳ ಜಾಲವನ್ನೇ ಹೆಣೆದರು. ಅರವತ್ತರಷ್ಟು ನಾಲೆಗಳು ಮಳೆನೀರನ್ನು ತಂದು ಕೆರೆಗೆ ಸುರಿಯುತ್ತವೆ. ನಡೆದಾಡುವಾಗ ಕಾಲ ಕೆಳಗೆ, ಮೆಟ್ಟಿಲ ಪಕ್ಕ, ಮನೆಗಳ ಸಂದಿಯಲ್ಲಿ ಕಾಣುವ ಆ ಹಳೆಯ ಕಾಲುವೆಗಳನ್ನು ಪ್ರವಾಸಿಗರು ಚರಂಡಿಯೆಂದು ತಿಳಿದು ಮೂಗು ಮುರಿಯುತ್ತಾರೆ. ಚಿಪ್ಸ್ ತಿಂದು ಪೊಟ್ಟಣ ಎಸೆಯುವುದೂ ಅದರೊಳಗೇ. ಆ ಪೊಟ್ಟಣ ಒಂದು ಮಳೆ ಬಂದರೆ ಕೆರೆಯಲ್ಲಿರುತ್ತದೆ. ನಾಲೆ ಕಟ್ಟಿಕೊಂಡರೆ ನೀರು ಬೆಟ್ಟದೊಳಗೆ ಇಳಿಯುತ್ತದೆ.

ಉಸಿರು ಕಟ್ಟುವ ನೀರು

ಕೆರೆಯ ನೀರೂ ಉಸಿರಾಡುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ಮೇಲಿನ ನೀರು ಕಾಯುತ್ತದೆ, ಕಾದ ನೀರು ಹಗುರ, ಹಾಗಾಗಿ ಮೇಲೆಯೇ ನಿಲ್ಲುತ್ತದೆ. ತಳದ ನೀರು ತಣ್ಣಗೆ, ಭಾರ. ಈ ಎರಡು ಪದರಗಳು ತಿಂಗಳುಗಟ್ಟಲೆ ಒಂದರೊಡನೊಂದು ಬೆರೆಯುವುದೇ ಇಲ್ಲ. ಗಾಳಿಯ ಆಮ್ಲಜನಕ ಸಿಗುವುದು ಮೇಲಿನ ಪದರಕ್ಕೆ ಮಾತ್ರ. ನಾಲೆಗಳು ತಂದು ಹಾಕಿದ ಎಲೆ, ಕಸ, ಕೊಳಚೆ ತಳದಲ್ಲಿ ಕೊಳೆಯುತ್ತ ಅಲ್ಲಿದ್ದ ಅಷ್ಟಿಷ್ಟು ಆಮ್ಲಜನಕವನ್ನೂ ಮುಗಿಸುತ್ತವೆ. ಡಿಸೆಂಬರ್ ಬಂದು ಮೇಲಿನ ನೀರು ತಣ್ಣಗಾಗಿ ಭಾರವಾದಾಗ ಅದು ಕೆಳಗಿಳಿಯುತ್ತದೆ, ತಳದ ನೀರು ಮೇಲೆ ಬರುತ್ತದೆ. ವರ್ಷಕ್ಕೊಮ್ಮೆ ಕೆರೆ ಹೀಗೆ ಮಗ್ಗುಲು ಬದಲಿಸುತ್ತದೆ. ಹಿಂದೆ ಕೆಲವು ಚಳಿಗಾಲಗಳಲ್ಲಿ ಮೀನುಗಳು ಸತ್ತು ತೇಲಿದ್ದಕ್ಕೆ ಕಾರಣ ಕೆಳಗಿನಿಂದ ಎದ್ದು ಬಂದ ಈ ಆಮ್ಲಜನಕವಿಲ್ಲದ ನೀರು.

ಇತಿಹಾಸಜ್ಞ ಅಜಯ್ ಸಿಂಗ್ ರಾವತ್ ಅವರು ಕೆರೆಯ ದುರವಸ್ಥೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಕೊಳಚೆ ಕೆರೆ ಸೇರುವುದನ್ನೂ, ಬೆಟ್ಟದ ಮೇಲೆ ಅಂಕೆಯಿಲ್ಲದೆ ಕಟ್ಟಡ ಏಳುವುದನ್ನೂ ತಡೆಯಬೇಕೆಂದು 1995ರಲ್ಲಿ ನ್ಯಾಯಾಲಯ ಆದೇಶಿಸಿತು. 2007ರಿಂದ ಕೆರೆಗೆ ಕೃತಕ ಉಸಿರಾಟ ಆರಂಭವಾಯಿತು. ದಡದಲ್ಲಿ ಯಂತ್ರಗಳನ್ನಿಟ್ಟು ಕೊಳವೆಗಳ ಮೂಲಕ ತಳಕ್ಕೆ ಗಾಳಿ ಊದುವ ವ್ಯವಸ್ಥೆ ಅದು. ದೋಣಿಯಲ್ಲಿ ಕುಳಿತವರಿಗೆ ನೀರಿನ ಮೇಲೆ ಅಲ್ಲಲ್ಲಿ ಅನ್ನ ಕುದಿಯುವಂತೆ ಗುಳ್ಳೆಗಳು ಏಳುವುದು ಕಂಡರೆ ಅದು ಬುಗ್ಗೆಯಲ್ಲ, ಈ ಗಾಳಿ. ಇದರಿಂದ ತಳದ ನೀರಿಗೆ ಆಮ್ಲಜನಕ ಸಿಕ್ಕಿ ಕೆರೆ ಎಷ್ಟೋ ಚೇತರಿಸಿಕೊಂಡಿದೆ.

ಒಂದು ಅಡಿ ನೀರಿನ ಲೆಕ್ಕ

ಇನ್ನು ನೀರಿನ ಪ್ರಮಾಣದ ಮಾತು. ನೈನಿತಾಲ್‌ನ ಕುಡಿಯುವ ನೀರಿಗೆ ಮುಖ್ಯ ಆಧಾರ ಈ ಕೆರೆಯೇ. ದಡದಲ್ಲಿ ಕೊರೆದ ಬಾವಿಗಳಿಂದ ಎತ್ತಿದ ನೀರು ಬೆಟ್ಟ ಏರಿ ಮನೆಗಳಿಗೂ ಹೋಟೆಲುಗಳಿಗೂ ಹೋಗುತ್ತದೆ. ಮಾಲ್ ರಸ್ತೆಯ ಹೋಟೆಲಿನ ಕೋಣೆಯಲ್ಲಿ ನಲ್ಲಿ ತಿರುಗಿಸಿದಾಗ ಬಕೆಟ್ಟಿಗೆ ಬೀಳುವುದು ಕಿಟಕಿಯಿಂದ ಕಾಣುವ ಕೆರೆಯೇ ಎನ್ನಬಹುದು.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. 48 ಹೆಕ್ಟೇರ್ ಕೆರೆಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 14 ಕೋಟಿ 60 ಲಕ್ಷ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಅಂದಾಜು. ಆ ಲೆಕ್ಕದಲ್ಲಿ 41 ಸಾವಿರ ಜನರಿಗೆ ಒಂದು ಅಡಿ ನೀರು ಸುಮಾರು 26 ದಿನ ಬರುತ್ತದೆ. ಊರಿನವರಷ್ಟೇ ಸಂಖ್ಯೆಯ ಪ್ರವಾಸಿಗರು ಬಂದು ತಂಗಿದರೆ ಅದು 13 ದಿನಕ್ಕೆ ಮುಗಿಯುತ್ತದೆ. ಆವಿಯಾಗಿ ಹೋಗುವುದು, ಸೋರಿ ಹೋಗುವುದು ಈ ಲೆಕ್ಕಕ್ಕೆ ಸೇರಿಲ್ಲ. ಮಳೆಯಿಲ್ಲದ ಮೇ ತಿಂಗಳಲ್ಲಿ, ಕೆರೆ ತೀರ ಇಳಿದಿರುವಾಗಲೇ, ಪ್ರವಾಸಿಗರ ಸಂಖ್ಯೆ ತುತ್ತತುದಿಗೆ ಏರುತ್ತದೆ ಎಂಬುದೇ ಸಮಸ್ಯೆಯ ತಿರುಳು.

ತಲ್ಲಿತಾಲ್ ತುದಿಯಲ್ಲಿ ಕೆರೆಗೆ ತೂಬಿದೆ. ಅಲ್ಲಿಂದ ಹೊರಬಿಟ್ಟ ನೀರು ಬಲಿಯಾ ನಾಲೆಯಾಗಿ ಕೆಳಗೆ ಹರಿಯುತ್ತದೆ. ಕೆರೆಯ ಮಟ್ಟವನ್ನು ದಿನವೂ ಅಳೆದು ಅಡಿ, ಅಂಗುಲಗಳಲ್ಲಿ ಬರೆದಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಈ ಅಳತೆಯಲ್ಲಿ ಸೊನ್ನೆ ಎಂದರೆ ಕೆರೆ ಬರಿದಾಯಿತು ಎಂದಲ್ಲ. ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿಯಿತು ಎಂದರ್ಥ. ಹಿಂದೆ ಬೇಸಿಗೆಯ ಕೊನೆಗೆ ಎಂದಾದರೊಮ್ಮೆ ಬರುತ್ತಿದ್ದ ಸೊನ್ನೆ 2016 ಮತ್ತು 2017ರಲ್ಲಿ ಬೇಸಿಗೆಗೆ ಮೊದಲೇ ಬಂದುಬಿಟ್ಟಿತು. 2017ರ ಬೇಸಿಗೆಯಲ್ಲಂತೂ ಕೆರೆ ವಾಡಿಕೆಯ ಮಟ್ಟಕ್ಕಿಂತ ಸುಮಾರು 18 ಅಡಿ ಇಳಿದು, ದಡದುದ್ದಕ್ಕೂ ಹೂಳಿನ ದಿಬ್ಬಗಳು ಬಾಯ್ದೆರೆದು ನಿಂತಿದ್ದವು. ಊರಿನಲ್ಲಿ ನೀರಿನ ಪೂರೈಕೆಯನ್ನು ಕಡಿತ ಮಾಡಬೇಕಾಯಿತು.

ಇದಕ್ಕೆ ಕಾರಣ ಪ್ರವಾಸಿಗರು ಮಾತ್ರ ಅಲ್ಲ. ಚಳಿಗಾಲದ ಮಳೆ, ಹಿಮ ಕಡಿಮೆಯಾದದ್ದು ಒಂದು. ಕೆರೆಯ ಮೇಲ್ಭಾಗದಲ್ಲಿ ಸೂಖಾತಾಲ್ ಎಂಬ ಇನ್ನೊಂದು ತಗ್ಗು ಇದೆ. ಮಳೆಗಾಲದಲ್ಲಿ ಮಾತ್ರ ತುಂಬಿ, ಉಳಿದ ಕಾಲ ಒಣಗಿರುವುದರಿಂದ ಆ ಹೆಸರು. ಅಲ್ಲಿ ನಿಂತ ನೀರು ನೆಲದಡಿಯಲ್ಲಿ ನಿಧಾನವಾಗಿ ಇಂಗಿ ಬಂದು ನೈನಿತಾಲ್ ಕೆರೆಯನ್ನು ಮಳೆ ನಿಂತ ಎಷ್ಟೋ ತಿಂಗಳವರೆಗೂ ಪೋಷಿಸುತ್ತದೆ. ಒಣ ಕೆರೆಯಲ್ಲವೇ ಎಂದು ಅದರಲ್ಲಿ ಕಟ್ಟಡಗಳು ಎದ್ದವು, ಮಣ್ಣು ತುಂಬಿತು. ಕರ್ನಾಟಕದ ಊರುಗಳ ಕೆರೆಯಂಗಳ ಬಡಾವಣೆಯಾದ ಕಥೆ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೆಟ್ಟದ ಎಚ್ಚರಿಕೆಗಳೂ ನಿಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೆಳ ಮಾಲ್ ರಸ್ತೆಯ ಒಂದು ತುಂಡು ಕುಸಿದು ಕೆರೆಯೊಳಗೆ ಹೋಯಿತು. 2021ರ ಅಕ್ಟೋಬರ್ 18 ಮತ್ತು 19ರಂದು ಸುರಿದ ಅಕಾಲ ಮಳೆಗೆ ಕೆರೆ ಉಕ್ಕಿ ಮಾಲ್ ರಸ್ತೆಯ ಮೇಲೆ ಹರಿಯಿತು. ದಾರಿಗಳು ಮುಚ್ಚಿ ಊರು ಹೊರಜಗತ್ತಿನಿಂದ ಬೇರೆಯಾಯಿತು. ಟಿಫಿನ್ ಟಾಪ್ ಬೆಟ್ಟದ ತುದಿಯಲ್ಲಿ ಪ್ರವಾಸಿಗರ ಪ್ರಿಯ ತಾಣವಾಗಿದ್ದ ಡೊರೊತಿ ಸೀಟ್ 2024ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಕುಸಿದು ಇಲ್ಲವಾಯಿತು. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಅದರ ಚಿತ್ರ ಈಗಲೂ ಇದೆ. ಬೆಟ್ಟದ ಮೇಲೆ ಅದು ಇಲ್ಲ.

ಹಾಗಾದರೆ ಯಾವಾಗ?

ಇಷ್ಟೆಲ್ಲ ಓದಿ ನೈನಿತಾಲ್ ಬೇಡವೇ ಬೇಡ ಎನ್ನಬೇಕಾಗಿಲ್ಲ. ಪ್ರವಾಸಿಗರಿಲ್ಲದಿದ್ದರೆ ಅಲ್ಲಿನ ದೋಣಿಯವರ, ಹೋಟೆಲಿನವರ, ಮೇಣದಬತ್ತಿ ಮಾಡಿ ಮಾರುವವರ ಒಲೆ ಉರಿಯುವುದಿಲ್ಲ. ಬೇಕಾದದ್ದು ತಿಂಗಳು ಬದಲಿಸಿಕೊಳ್ಳುವ ವಿವೇಕ.

ಮೇ, ಜೂನ್‌ನಲ್ಲಿ ಹೋದವರಿಗೆ ಸಿಗುವುದೇನು? ಸೀಸನ್ನಿನಲ್ಲಿ ಹೊರಗಿನ ಕಾರುಗಳನ್ನು ಊರಿನಾಚೆಯೇ ತಡೆದು, ಅಲ್ಲಿಂದ ಬೇರೆ ವಾಹನದಲ್ಲಿ ಒಳಗೆ ಕಳಿಸುತ್ತಾರೆ. ಕೋಣೆಯ ಬಾಡಿಗೆ ಗಗನಕ್ಕೇರಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹಿಮಾಲಯ ಕಾಣುವುದೇ ಅಪರೂಪ. ಬಯಲಿನ ಧೂಳು ಮತ್ತು ಕಾಡ್ಗಿಚ್ಚಿನ ಹೊಗೆ ದಿಗಂತವನ್ನು ಮುಚ್ಚಿರುತ್ತವೆ. 2024ರ ಏಪ್ರಿಲ್‌ನಲ್ಲಿ ನೈನಿತಾಲ್ ಸುತ್ತಲ ಕಾಡಿಗೆ ಬೆಂಕಿ ಬಿದ್ದಾಗ ವಾಯುಸೇನೆಯ ಹೆಲಿಕಾಪ್ಟರ್ ಭೀಮತಾಲ್ ಕೆರೆಯಿಂದ ನೀರು ಮೊಗೆದು ತಂದು ಸುರಿಯಬೇಕಾಯಿತು.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಮಿಗಿಲಾಗಿ ಬೀಳುವ ಮಳೆಯಲ್ಲಿ ಬಹುಪಾಲು ಆಗಲೇ ಬರುತ್ತದೆ. ಬೆಟ್ಟದ ದಾರಿ ಆಗ ನಂಬಿಕೆಗೆ ಅರ್ಹವಲ್ಲ.

ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಕೊನೆಯವರೆಗಿನ ಕಾಲವೇ ಎಲ್ಲ ದೃಷ್ಟಿಯಿಂದಲೂ ಉತ್ತಮ. ಕೆರೆ ತುಂಬಿರುತ್ತದೆ. ಮಳೆ ತೊಳೆದ ಆಕಾಶದಲ್ಲಿ 7,816 ಮೀಟರ್ ಎತ್ತರದ ನಂದಾದೇವಿ, ಮೂರು ಮೊನೆಗಳ ತ್ರಿಶೂಲ, ನಂದಾಕೋಟ್ ಶಿಖರಗಳು ಸಾಲಾಗಿ ನಿಲ್ಲುತ್ತವೆ. ಕರ್ನಾಟಕದ ಶಾಲೆಗಳಿಗೆ ದಸರಾ ರಜೆ ಇರುವುದೂ ಇದೇ ಸುಮಾರಿಗೆ. ಬೇಸಿಗೆ ರಜೆಯ ಯೋಜನೆಯನ್ನು ದಸರಾ ರಜೆಗೆ ಮುಂದೂಡಿದರೆ ಕೈಗೆ ಲಾಭ, ಕಣ್ಣಿಗೆ ಲಾಭ, ಕೆರೆಗೂ ಲಾಭ. ದಸರಾ, ದೀಪಾವಳಿಯ ಸಾಲುರಜೆಯ ಮೂರು ನಾಲ್ಕು ದಿನ ದೆಹಲಿಯ ಕಡೆಯವರ ನೂಕುನುಗ್ಗಲು ಇರುತ್ತದೆ; ಆ ದಿನಗಳನ್ನು ತಪ್ಪಿಸಬೇಕು. 2021ರ ಅನುಭವ ಇರುವುದರಿಂದ ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವುದೂ ಒಳ್ಳೆಯದು. ಮಾರ್ಚ್ ತಿಂಗಳು ಎರಡನೆಯ ಆಯ್ಕೆ. ಆಗ ಬೆಟ್ಟಗಳಲ್ಲಿ ಬುರಾಂಸ್ ಮರ ಕೆಂಪು ಹೂ ಹೊತ್ತು ನಿಂತಿರುತ್ತದೆ. ಚಳಿ ಸಹಿಸುವವರು ಜನವರಿಯಲ್ಲೂ ಹೋಗಬಹುದು. ಅದೃಷ್ಟವಿದ್ದರೆ ಹಿಮ ಬೀಳುವುದನ್ನು ಕಾಣಬಹುದು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಅಥವಾ ರಾಜಧಾನಿ ರೈಲಿನಲ್ಲಿ ದೆಹಲಿ. ಹುಬ್ಬಳ್ಳಿ ಮಾರ್ಗವಾಗಿ ಬರುವ ಸಂಪರ್ಕಕ್ರಾಂತಿಯೂ ಉಂಟು. ದೆಹಲಿಯಿಂದ ಬೆಳಗಿನ ಶತಾಬ್ದಿಯಲ್ಲಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ, ರಾತ್ರಿಯ ರಾಣಿಖೇತ್ ಎಕ್ಸ್‌ಪ್ರೆಸ್‌ನಲ್ಲಿ ಹೊರಟರೆ ಬೆಳಗಿನ ಜಾವಕ್ಕೆ ಕಾಠಗೋದಾಮ್ ತಲುಪಬಹುದು. ಕಾಠ್ ಎಂದರೆ ಮರ, ಗೋದಾಮ್ ಎಂದರೆ ಉಗ್ರಾಣ. ಬೆಟ್ಟದ ಮರದ ದಿಮ್ಮಿ ಕೂಡಿಡುತ್ತಿದ್ದ ಈ ಜಾಗಕ್ಕೆ ರೈಲು ಬಂದದ್ದು 1884ರಲ್ಲಿ. ರೈಲು ಹಳಿ ಇಲ್ಲಿಗೆ ಮುಗಿಯುತ್ತದೆ, ಹಿಮಾಲಯ ಇಲ್ಲಿಂದ ಶುರು. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿರುವುದರಿಂದ, ಅಕ್ಟೋಬರ್ ಪ್ರಯಾಣಕ್ಕೆ ಆಗಸ್ಟ್‌ನಲ್ಲಿ ಟಿಕೆಟ್ ತೆಗೆಸಿದರೆ ಸಾಕು. ದೂರವನ್ನು ಕಡಿಮೆ ಮಾಡಿಕೊಳ್ಳಬೇಕೆನ್ನುವವರಿಗೆ ಸುಮಾರು 70 ಕಿಲೋಮೀಟರ್ ದೂರದ ಪಂತನಗರದಲ್ಲಿ ವಿಮಾನ ನಿಲ್ದಾಣವಿದೆ.

ಕಾಠಗೋದಾಮ್‌ನಿಂದ ನೈನಿತಾಲ್‌ಗೆ 35 ಕಿಲೋಮೀಟರ್ ಘಾಟಿ. ಬಸ್ಸು, ಹಂಚಿಕೊಂಡು ಹೋಗುವ ಟ್ಯಾಕ್ಸಿ ಎರಡೂ ಸಿಗುತ್ತವೆ. ಈ 35 ಕಿಲೋಮೀಟರ್‌ನಲ್ಲಿ ಏರುವ ಎತ್ತರ ಸುಮಾರು 1,400 ಮೀಟರ್. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಉಷ್ಣತೆ ಇಳಿಯುವ ನಿಯಮದಂತೆ, ಬಸ್ಸು ಹತ್ತುವಾಗಿಗಿಂತ ಇಳಿಯುವಾಗ ಒಂಬತ್ತು ಡಿಗ್ರಿ ಹೆಚ್ಚು ತಂಪು. ಆದ್ದರಿಂದ ಸ್ವೆಟರು ಪೆಟ್ಟಿಗೆಯ ತಳದಲ್ಲಿರದೆ ಕೈಗೆ ಸಿಗುವಂತಿರಲಿ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಬೆಳಿಗ್ಗೆ ಮಿತವಾಗಿ ತಿಂದು ಹತ್ತುವುದು ಕ್ಷೇಮ.

ನೋಡುವುದು, ತಿನ್ನುವುದು

ನೈನಿತಾಲ್‌ಗೆ ಎರಡು ದಿನ, ಸುತ್ತಲ ಕೆರೆಗಳಿಗೆ ಒಂದು ದಿನ ಇಟ್ಟುಕೊಂಡರೆ ನೆಮ್ಮದಿ. ಮೊದಲ ದಿನ ಬೆಳಿಗ್ಗೆ ಕೆರೆಯನ್ನು ಒಂದು ಸುತ್ತು ನಡೆದೇ ಹಾಕಬೇಕು. ಮಾಲ್ ರಸ್ತೆಯ ಎದುರು ದಡದ ದಾರಿ ಮರಗಳ ನೆರಳಿನಲ್ಲಿ ಸಾಗುತ್ತದೆ. ಆಮೇಲೆ ದೋಣಿ. ಮಲ್ಲಿತಾಲ್‌ನಿಂದ ತಂತಿಮಾರ್ಗದ ತೊಟ್ಟಿಲಲ್ಲಿ 2,270 ಮೀಟರ್ ಎತ್ತರದ ಸ್ನೋ ವ್ಯೂಗೆ ಹೋಗಬಹುದು. ಕಾಲಿಗೆ ಕಸುವಿರುವವರು ಸುಮಾರು 2,600 ಮೀಟರ್ ಎತ್ತರದ ನೈನಾ ಪೀಕ್ ಏರಬಹುದು. ಮಾವಿನಕಾಯಿಯಂಥ ಕೆರೆ ಪೂರ್ತಿಯಾಗಿ ಕಾಣುವುದು ಅಲ್ಲಿಂದ.

ನರಭಕ್ಷಕ ಹುಲಿಗಳ ಬೇಟೆಗಾರ ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ ಇದೇ ಊರಿನಲ್ಲಿ. ಆತನ ತಂದೆ ಇಲ್ಲಿನ ಅಂಚೆ ಅಧಿಕಾರಿ. ಪೂರ್ಣಚಂದ್ರ ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕಥೆ ಓದಿದ ಕನ್ನಡಿಗರಿಗೆ ಕಾರ್ಬೆಟ್ ಹೊಸಬನಲ್ಲ. ಆತನ ಚಳಿಗಾಲದ ಮನೆ ಬೆಟ್ಟದ ಬುಡದ ಕಾಲಾಢೂಂಗಿಯಲ್ಲಿ ವಸ್ತುಸಂಗ್ರಹಾಲಯವಾಗಿದೆ.

ಊರಿನ ಹೊರಗಿನ ಮನೋರಾ ಬೆಟ್ಟದಲ್ಲಿ ಖಗೋಳ ವೀಕ್ಷಣಾಲಯವಿದೆ. 1972ರಿಂದ ಇಲ್ಲಿ 104 ಸೆಂಟಿಮೀಟರ್ ದೂರದರ್ಶಕ ಕೆಲಸ ಮಾಡಿದೆ. ಈ ಸಂಸ್ಥೆಗೆ ಆರಂಭದಲ್ಲಿ ಬುನಾದಿ ಹಾಕಿದವರಲ್ಲಿ ಪ್ರಮುಖರು ವೇಣು ಬಪ್ಪು. ಅವರು ಇಲ್ಲಿಂದ 1960ರಲ್ಲಿ ಕೊಡೈಕೆನಾಲ್‌ಗೆ ಹೋದರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪುಗೊಂಡದ್ದು ಅವರ ನೇತೃತ್ವದಲ್ಲಿ. ಇದೇ ಜಿಲ್ಲೆಯ ದೇವಸ್ಥಲದಲ್ಲಿ 2016ರಲ್ಲಿ 3.6 ಮೀಟರ್ ವ್ಯಾಸದ ದೊಡ್ಡ ದೂರದರ್ಶಕವೂ ಆರಂಭವಾಯಿತು. ವಿಜ್ಞಾನದಲ್ಲಿ ಆಸಕ್ತಿಯಿರುವ ಮಕ್ಕಳಿದ್ದರೆ ವೀಕ್ಷಣಾಲಯದ ಭೇಟಿಯ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ದಿನ ಭೀಮತಾಲ್, ಸಾತ್‌ತಾಲ್, ನೌಕುಚಿಯಾತಾಲ್‌ಗಳಿಗೆ. ಭೀಮತಾಲ್ ನೈನಿತಾಲ್‌ಗಿಂತ ಕೆಳಗಿದೆ, ಅಷ್ಟು ಚಳಿಯಿಲ್ಲ. ವಯಸ್ಸಾದವರಿರುವ ಕುಟುಂಬ ಅಲ್ಲಿಯೇ ತಂಗಿ ನೈನಿತಾಲ್ ನೋಡಿಬರಬಹುದು. ನೈನಿತಾಲ್ ಕೆರೆಯ ಮೇಲಿನ ಭಾರವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಊಟದ ಚಿಂತೆ ಬೇಡ. ಉತ್ತರ ಭಾರತದ ಸಸ್ಯಾಹಾರ ಎಲ್ಲೆಡೆ ಸಿಗುತ್ತದೆ, ದೋಸೆಯೂ ಸಿಗುತ್ತದೆ. ಆದರೆ ಕೇಳಿ ತಿನ್ನಬೇಕಾದದ್ದು ಕುಮಾಯೂನಿ ಅಡುಗೆ. ಅಲ್ಲಿ ಮಂಡುವಾ ರೊಟ್ಟಿ ಎಂದು ಬಡಿಸುವುದು ರಾಗಿಯ ರೊಟ್ಟಿ. ಗಹತ್ ದಾಲ್ ಎಂಬುದು ಹುರುಳಿಯ ಸಾರು. ಝಂಗೋರಾ ಎಂದರೆ ಊದಲು. ಎರಡು ಸಾವಿರ ಕಿಲೋಮೀಟರ್ ದಾಟಿ ಹೋದವರ ತಟ್ಟೆಗೆ ಹಳೆ ಮೈಸೂರಿನ ಅಡುಗೆಮನೆಯೇ ಬಂದು ಕೂರುತ್ತದೆ. ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ: ಈ ಎತ್ತರದಲ್ಲಿ ನೀರು ನೂರು ಡಿಗ್ರಿಗಲ್ಲ, ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವುದು ತಡ. ಊಟ ತಡವಾಯಿತೆಂದು ಹೋಟೆಲಿನವರ ಮೇಲೆ ರೇಗಬಾರದು.

ಹೊರಡುವವರಿಗೆ ಕೊನೆಯದಾಗಿ ಕೆಲವು ಮಾತು. ಬಕೆಟ್ ಸ್ನಾನ ಸಾಕು. ಹಾಸಿಗೆ ಬಟ್ಟೆ, ಟವೆಲುಗಳನ್ನು ದಿನವೂ ಬದಲಿಸಿ ಎಂದು ಕೇಳುವುದು ಬೇಡ. ಕುಡಿಯುವ ನೀರಿಗೆ ಮನೆಯಿಂದಲೇ ಬಾಟಲಿ ಒಯ್ಯಲಿ. ಕೆರೆಯ ಮೀನುಗಳಿಗೆ ಬ್ರೆಡ್ಡು ಎಸೆದರೆ ಪುಣ್ಯ ಬರುವುದಿಲ್ಲ, ತಳದಲ್ಲಿ ಕೊಳೆ ಹೆಚ್ಚುತ್ತದೆ. ತಲ್ಲಿತಾಲ್‌ಗೆ ಹೋದಾಗ ಮಕ್ಕಳಿಗೆ ತೂಬನ್ನು ತೋರಿಸಿ, ಇಂದು ಕೆರೆ ಎಷ್ಟು ಅಡಿ ಇದೆ ಎಂದು ಅಲ್ಲಿನವರನ್ನು ಕೇಳಿಸಬೇಕು. ಅಂಗಡಿಯವರಿಂದ ದೋಣಿಯವರವರೆಗೆ ಊರಿನ ಅನೇಕರಿಗೆ ಆ ಲೆಕ್ಕ ಬಾಯಲ್ಲೇ ಇರುತ್ತದೆ. ಆ ಮಕ್ಕಳು ಊರಿಗೆ ಮರಳಿದ ಮೇಲೆ ತಮ್ಮೂರ ಕೆರೆ ಎಷ್ಟು ಅಡಿ ಇದೆ ಎಂದು ಕೇಳಿದರೆ, ಉತ್ತರ ಹೇಳಬಲ್ಲ ಒಬ್ಬರಾದರೂ ಮನೆಯಲ್ಲಿರಲಿ.